ಸರಪಳಿಯ ಪುಸ್ತಕ, ಬೀಗದ ಕಪಾಟು



ತಪಸ್ಸುಕಾಲವೆಂದೊಡನೆ ನಮ್ಮ ನೆನಪಿಗೆ ಬರುವುದು ಉಪವಾಸ, ಶಿಲುಬೆಯ ಹಾದಿ ಮತ್ತು ದಾನಧರ್ಮ. ಆ ಸಾಲಿನಲ್ಲಿ ಪುಸ್ತಕಕ್ಕೂ ಸ್ಥಾನವುಂಟೆಂದು ನಮ್ಮಲ್ಲಿ ಹೆಚ್ಚಿನವರು ಭಾವಿಸುವುದಿಲ್ಲ. ಆದರೆ ಪಾಶ್ಚಾತ್ಯ ಸನ್ಯಾಸ ಜೀವನಕ್ಕೆ ಅಡಿಪಾಯ ಹಾಕಿದ ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ತಮ್ಮ ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯ 48ನೇ ಅಧ್ಯಾಯವನ್ನು ತೆರೆದು ನೋಡಿದರೆ ಅಚ್ಚರಿಯ ಸಂಗತಿಯೊಂದು ಕಾಣಸಿಗುತ್ತದೆ. ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಸಹೋದರನಿಗೂ ಮಠದ ಪುಸ್ತಕ ಸಂಗ್ರಹದಿಂದ ಒಂದೊಂದು ಪುಸ್ತಕವನ್ನು ಕೊಡಬೇಕು. ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ, ಪೂರ್ತಿಯಾಗಿ ಓದಬೇಕು. ಅಷ್ಟೇ ಅಲ್ಲ, ಓದಿನ ವೇಳೆಯಲ್ಲಿ ಒಬ್ಬಿಬ್ಬರು ಹಿರಿಯರು ಮಠವನ್ನೆಲ್ಲ ಸುತ್ತಿ, ಯಾರಾದರೂ ಓದು ಬಿಟ್ಟು ಹರಟೆಯಲ್ಲಿ ತೊಡಗಿದ್ದಾರೆಯೇ ಎಂದು ನೋಡಿ ಬರಬೇಕು. ಶಾಲೆಯ ಜಗಲಿಯಲ್ಲಿ ಬೆತ್ತ ಹಿಡಿದು ನಡೆಯುತ್ತಿದ್ದ ಹಿಂದಿನ ಕಾಲದ ಮುಖ್ಯೋಪಾಧ್ಯಾಯರ ಚಿತ್ರ ತಮ್ಮ ಕಣ್ಣ ಮುಂದೆ ಬಂದರೆ ಆಶ್ಚರ್ಯವಿಲ್ಲ. ವ್ರತ ತೊಟ್ಟ ಸನ್ಯಾಸಿಯೂ ತಾನಾಗಿ ಪುಸ್ತಕ ಹಿಡಿಯುತ್ತಾನೆಂಬ ಭರವಸೆಯನ್ನು ಆ ಸಂತರು ಇಟ್ಟುಕೊಂಡಿರಲಿಲ್ಲ.

ಐದು ಶತಮಾನಗಳ ಅನಂತರ ಈ ನಿಯಮವು ಒಂದು ಸೊಗಸಾದ ಆಚರಣೆಯ ರೂಪ ತಾಳಿತು. 1070ರಿಂದ 1089ರವರೆಗೆ ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಲ್ಯಾನ್‌ಫ್ರಾಂಕ್ ಅವರು ತಮ್ಮ ಮಠಕ್ಕೆ ಬರೆದುಕೊಟ್ಟ ವಿಧಿಗಳಲ್ಲಿ ಅದರ ವರ್ಣನೆಯಿದೆ. ತಪಸ್ಸುಕಾಲದ ಮೊದಲ ಭಾನುವಾರದ ಮರುದಿನ ಸಭಾಗೃಹದಲ್ಲಿ ಜಮಖಾನ ಹಾಸಿ ಮಠದ ಪುಸ್ತಕಗಳನ್ನು ಅದರ ಮೇಲೆ ಹರಡಲಾಗುತ್ತಿತ್ತು. ಹಿಂದಿನ ವರ್ಷ ಯಾರು ಯಾವ ಪುಸ್ತಕ ಪಡೆದಿದ್ದರೆಂಬ ಪಟ್ಟಿಯನ್ನು ಗ್ರಂಥಪಾಲಕರು ಎಲ್ಲರೆದುರು ಓದುತ್ತಿದ್ದರು. ಹೆಸರು ಕೇಳಿದವನು ಎದ್ದು ಬಂದು ಪುಸ್ತಕ ಹಿಂದಿರುಗಿಸಬೇಕು. ಪೂರ್ತಿ ಓದದಿದ್ದರೆ ಸಾಷ್ಟಾಂಗವೆರಗಿ ಕ್ಷಮೆ ಯಾಚಿಸಬೇಕು. ಬಳಿಕ ಅವನಿಗೆ ಈ ವರ್ಷದ ಪುಸ್ತಕ. ಇಷ್ಟೆಲ್ಲ ನಡೆದದ್ದು ಅಚ್ಚಿನ ಯಂತ್ರ ಹುಟ್ಟುವುದಕ್ಕೂ ಸುಮಾರು 400 ವರ್ಷ ಮೊದಲು, ಒಂದೊಂದು ಪುಸ್ತಕವನ್ನೂ ಕುರಿಯ ಅಥವಾ ಕರುವಿನ ಚರ್ಮದ ಹಾಳೆಗಳ ಮೇಲೆ ತಿಂಗಳುಗಟ್ಟಲೆ ಕುಳಿತು ನಕಲು ಮಾಡುತ್ತಿದ್ದ ಕಾಲದಲ್ಲಿ. ಅಷ್ಟು ಬೆಲೆಬಾಳುವ ವಸ್ತುವನ್ನು ಒಂದು ವರ್ಷದ ಮಟ್ಟಿಗೆ ಒಬ್ಬನ ಕೈಗೆ ಒಪ್ಪಿಸಲು ಅವರು ಹಿಂಜರಿಯಲಿಲ್ಲ.

ಮುಂದೆ ಮಹಾದೇವಾಲಯಗಳಲ್ಲಿ ಪುಸ್ತಕಗಳಿಗೆ ಸರಪಳಿ ಹಾಕುವ ಪದ್ಧತಿ ಬಂತು. ಇಂಗ್ಲೆಂಡಿನ ಹೆರ್‌ಫರ್ಡ್ ಮಹಾದೇವಾಲಯದಲ್ಲಿ ಅಂತಹ ಗ್ರಂಥಾಲಯವನ್ನು ಇಂದಿಗೂ ನೋಡಬಹುದು. ಪುಸ್ತಕದ ರಟ್ಟಿಗೆ ಕಬ್ಬಿಣದ ಸರಪಳಿ. ಸರಪಳಿಯ ಇನ್ನೊಂದು ತುದಿ ಕಪಾಟಿನ ಸರಳಿಗೆ. ಇದನ್ನು ಕೇಳಿದವರು ನಗುವುದುಂಟು. ನಗುವ ಮೊದಲು ಒಂದು ಮಾತನ್ನು ಯೋಚಿಸಬೇಕು. ಆ ಸರಪಳಿ ಪುಸ್ತಕವು ಹೊರಗೆ ಹೋಗದಂತೆ ತಡೆಯುತ್ತಿತ್ತೇ ಹೊರತು ಓದುಗನು ಪುಸ್ತಕದ ಬಳಿಗೆ ಬರದಂತೆ ತಡೆಯುತ್ತಿರಲಿಲ್ಲ. ಎದುರಿಗೇ ಮೇಜು, ಕೂರಲು ಹಲಗೆ. ಬಂದು ಕುಳಿತು ತೆರೆದು ಓದಬಹುದಿತ್ತು. ನಮ್ಮ ಎಷ್ಟೋ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ ನಿಂತಿರುವ ಉಕ್ಕಿನ ಕಪಾಟಿಗೆ ಈ ಗುಣವಿಲ್ಲ. ಅದಕ್ಕೆ ಬೀಗವುಂಟು, ಬೀಗದ ಕೈ ಯಾರೋ ಒಬ್ಬರ ಮೇಜಿನ ಸೆಳೆಖಾನೆಯಲ್ಲುಂಟು, ಮತ್ತು ಆರನೆಯ ತರಗತಿಯ ಮಗುವಿಗೆ ಅದರೊಳಗೆ ಏನಿದೆಯೆಂಬುದೇ ತಿಳಿಯದು. ಸರಪಳಿಗಿಂತ ಬೀಗ ಕೆಟ್ಟದ್ದೆಂದು ನಾನು ತಿಳಿದಿದ್ದೇನೆ.

ಆರನೆಯ ತರಗತಿಯೆಂದು ಹೇಳಿದ್ದು ಉದ್ದೇಶಪೂರ್ವಕವಾಗಿಯೇ. ಹತ್ತರಿಂದ ಹದಿನಾಲ್ಕು ವರ್ಷದ ನಡುವಿನ ಕಾಲ, ಅಂದರೆ ಹಿರಿಯರು ಮಿಡ್ಲ್ ಸ್ಕೂಲ್ ಎಂದು ಕರೆಯುತ್ತಿದ್ದ ಹಂತ, ಓದಿನ ದೃಷ್ಟಿಯಿಂದ ವಿಶೇಷವಾದದ್ದು. ಅಕ್ಷರ ಕೂಡಿಸಿ ಓದುವ ಕಷ್ಟ ಮುಗಿದಿರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯ ಭಾರ ಇನ್ನೂ ಹೆಗಲೇರಿರುವುದಿಲ್ಲ. ಈ ನಡುವಿನ ನಾಲ್ಕು ವರ್ಷಗಳಲ್ಲಿ ಕೈಗೆ ಕಥೆಪುಸ್ತಕ ಬಂದರೆ ಮಗು ಓದುಗನಾಗುತ್ತದೆ. ಬಾರದಿದ್ದರೆ ಓದೆಂದರೆ ಪಠ್ಯಪುಸ್ತಕ, ಪಠ್ಯಪುಸ್ತಕವೆಂದರೆ ಅಂಕ ಎಂಬ ತಿಳಿವಳಿಕೆ ಗಟ್ಟಿಯಾಗುತ್ತದೆ.

ಸಂತ ಜಾನ್ ಬೋಸ್ಕೊ ಅವರ ಬಾಲ್ಯ ಇದಕ್ಕೆ ಒಳ್ಳೆಯ ಸಾಕ್ಷಿ. 1815ರಲ್ಲಿ ಇಟಲಿಯ ಬೆಕ್ಕಿ ಎಂಬ ಪುಟ್ಟ ಊರಿನ ಬಡ ರೈತರ ಮನೆಯಲ್ಲಿ ಅವರು ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಅವರು ತಮ್ಮ ನೆನಪುಗಳಲ್ಲಿ ಬರೆದಿರುವ ಒಂದು ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಚಳಿಗಾಲದ ಸಂಜೆಗಳಲ್ಲಿ ಊರವರು ಬೆಚ್ಚಗಿರಲೆಂದು ದನದ ಕೊಟ್ಟಿಗೆಗಳಲ್ಲಿ ಸೇರುತ್ತಿದ್ದರು. ಹತ್ತರ ವಯಸ್ಸಿನ ಈ ಹುಡುಗ ಎಲ್ಲರಿಗೂ ಕೇಳಿಸಲೆಂದು ಬೆಂಚಿನ ಮೇಲೆ ನಿಂತು ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದ. ಯಾವ ಪುಸ್ತಕ? ಸಂತರ ಚರಿತ್ರೆಯಲ್ಲ. ಫ್ರಾನ್ಸಿನ ಅರಸರ ಮತ್ತು ವೀರರ ಸಾಹಸಗಳನ್ನು ಹೇಳುವ ಜನಪ್ರಿಯ ಕಥೆಗಳು! ಆರಂಭದಲ್ಲಿ ಮತ್ತು ಕೊನೆಯಲ್ಲಿ ಶಿಲುಬೆಯ ಗುರುತು ಮತ್ತು ಒಂದು ನಮೋ ಮರಿಯ. ನಡುವೆ ಕತ್ತಿ, ಕುದುರೆ, ಯುದ್ಧ. ಅಕ್ಷರ ಬಾರದ ದೊಡ್ಡವರು ಅಕ್ಷರ ಬಲ್ಲ ಮಗುವಿನ ಬಾಯಿಂದ ಕಥೆ ಕೇಳುತ್ತಿದ್ದರು.

ಮುಂದೆ ಕಿಯೇರಿ ಎಂಬ ಪಟ್ಟಣದಲ್ಲಿ ಓದುತ್ತಿದ್ದಾಗ ಅವರಿಗೆ ಪುಸ್ತಕ ಕೊಳ್ಳುವ ಶಕ್ತಿಯಿರಲಿಲ್ಲ. ಎಲಿಯ ಎಂಬ ಯೆಹೂದ್ಯ ಪುಸ್ತಕ ವ್ಯಾಪಾರಿಯೊಬ್ಬನು ಒಂದು ಪುಸ್ತಕಕ್ಕೆ ಒಂದು ಸೊಲ್ದೊ, ಅಂದರೆ ಒಂದು ಚಿಲ್ಲರೆ ಕಾಸು, ಪಡೆದು ಓದಲು ಕೊಡುತ್ತಿದ್ದ. ದಿನಕ್ಕೊಂದು ಪುಸ್ತಕದಂತೆ ಇಟಲಿಯ ಶ್ರೇಷ್ಠ ಕೃತಿಗಳನ್ನು ಬೋಸ್ಕೊ ಹೀಗೆ ಓದಿ ಮುಗಿಸಿದರು. ರಾತ್ರಿ ತೆರೆದ ಪುಸ್ತಕ ಬೆಳಗಾಗುವಾಗಲೂ ಕೈಯಲ್ಲಿರುತ್ತಿತ್ತಂತೆ. ಅದರಿಂದ ಆರೋಗ್ಯ ಕೆಟ್ಟು ಹೋಯಿತು, ರಾತ್ರಿಯಿರುವುದು ವಿಶ್ರಾಂತಿಗೆ ಎಂದು ಅವರೇ ಮಕ್ಕಳಿಗೆ ಎಚ್ಚರಿಕೆ ಹೇಳುತ್ತಾರೆ. (ಇಂದಿನ ತಾಯಂದಿರು ಈ ಎಚ್ಚರಿಕೆಯನ್ನು ಪುಸ್ತಕಕ್ಕಾಗಿ ಹೇಳಬೇಕಾಗಿಲ್ಲ, ಮೊಬೈಲಿಗಾಗಿ ಹೇಳಬೇಕಾಗಿದೆ.) ಕಾಸಿಗೊಂದರಂತೆ ಓದಿದ ಆ ಹುಡುಗನೇ ಗುರುವಾದ ಮೇಲೆ, 1853ರಲ್ಲಿ ಬಡವರೂ ಕೊಳ್ಳಬಹುದಾದ ಬೆಲೆಗೆ ಕಥೋಲಿಕ ವಾಚನ ಮಾಲೆಯೊಂದನ್ನು ತಿಂಗಳಿಗೊಂದು ಪುಸ್ತಿಕೆಯಂತೆ ಹೊರತಂದರು. 1869ರಲ್ಲಿ ಇಟಲಿಯ ಯುವಜನರಿಗಾಗಿಯೇ ಸಾಹಿತ್ಯ ಕೃತಿಗಳ ಇನ್ನೊಂದು ಮಾಲೆಯನ್ನು ಆರಂಭಿಸಿದರು. ಅದರಲ್ಲಿ 200ಕ್ಕೂ ಹೆಚ್ಚು ಸಂಪುಟಗಳು ಬಂದವು. ತುರಿನ್ ನಗರದ ತಮ್ಮ ಹುಡುಗರಿಗೆ ಅನ್ನ, ವಸತಿ, ಕಸಬು ಕೊಟ್ಟವರು ಪುಸ್ತಕವನ್ನೂ ಕೊಟ್ಟರು.

ಈಗ ನಮ್ಮ ನಾಡಿನ ಕಡೆಗೆ ಬರೋಣ. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತ ಕಲಿಸಲು ತರುಣ ಅಧ್ಯಾಪಕರೊಬ್ಬರು ಬಂದರು. ಮಂಗಳೂರು ಆಗ ಮದರಾಸು ಪ್ರಾಂತ್ಯದಲ್ಲಿತ್ತು. ತಂಜಾವೂರು ಸೀಮೆಯ ಶಿಯಾಳಿಯವರಾದ ಇವರು ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಮೂರು ವರ್ಷ ಇಲ್ಲಿದ್ದು ಕೊಯಮತ್ತೂರಿಗೂ ಅಲ್ಲಿಂದ ಮದರಾಸಿಗೂ ಹೋದರು. ಅವರೇ ಎಸ್. ಆರ್. ರಂಗನಾಥನ್, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಮುಂದೆ ಹೆಸರಾದವರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡಾಗ ಅವರಿಗೆ ಆ ಕೆಲಸ ಸ್ವಲ್ಪವೂ ಹಿಡಿಸಲಿಲ್ಲ. ತರಗತಿಯ ಗದ್ದಲಕ್ಕೆ ಒಗ್ಗಿದ ಮೇಷ್ಟರಿಗೆ ಓದುಗರೇ ಬಾರದ ಪುಸ್ತಕದ ಕೊಠಡಿಯ ನಿಶ್ಶಬ್ದ ಹೇಗೆ ಸಹ್ಯವಾದೀತು? ಪಾಠ ಹೇಳುವ ಕೆಲಸಕ್ಕೇ ಮರಳಿ ಕಳುಹಿಸಿ ಎಂದು ಕೇಳಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಬನ್ನಿ, ಅನಂತರ ನೋಡೋಣ ಎಂಬ ಉತ್ತರ ಸಿಕ್ಕಿತು.

ಇಂಗ್ಲೆಂಡಿನಲ್ಲಿ ಅವರ ಕಣ್ಣು ತೆರೆಯಿತು. ಅವರಿಗೆ ಗುರುವಾಗಿ ಸಿಕ್ಕ ಬರ್ವಿಕ್ ಸೇಯರ್ಸ್ ಎಂಬುವರು ಲಂಡನ್ ಸಮೀಪದ ಕ್ರಾಯ್ಡನ್ ಪಟ್ಟಣದ ಗ್ರಂಥಪಾಲಕರು; ಮಕ್ಕಳ ಗ್ರಂಥಾಲಯದ ಬಗ್ಗೆ 1911ರಷ್ಟು ಹಿಂದೆಯೇ ಪುಸ್ತಕ ಬರೆದವರು. ಗ್ರಂಥಾಲಯವೆಂದರೆ ವಿದ್ವಾಂಸರ ಭಂಡಾರವಲ್ಲ, ಊರಿನ ಮಕ್ಕಳು, ಹೆಂಗಸರು, ಕೂಲಿಕಾರರು ನಿರ್ಭಯವಾಗಿ ಒಳಬರುವ ಮನೆಯೆಂಬುದನ್ನು ರಂಗನಾಥನ್ ಅಲ್ಲಿ ಕಂಡರು. ಮರಳಿ ಬಂದ ಮೇಲೆ ಮದರಾಸಿನ ಗ್ರಂಥಾಲಯದಲ್ಲಿ ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಪದ್ಧತಿಯನ್ನು ತಂದರು. ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ಇದೇನು ದೊಡ್ಡ ಮಾತು ಎನಿಸಬಹುದು. ಆದರೆ ಅವರು ಅದನ್ನು ವಿವರಿಸಲು ಆರಂಭಿಸುವುದೇ ನಾವು ಮೇಲೆ ಕಂಡ ಸರಪಳಿಯ ಪುಸ್ತಕಗಳಿಂದ! ಪುಸ್ತಕವನ್ನು ಕಾಯಬೇಕೆಂಬ ಹಳೆಯ ಸ್ವಭಾವ, ಅದಕ್ಕೆ ಕಾರಣವಾದ ಕೊರತೆ ನೀಗಿದ ಮೇಲೂ ಉಳಿದುಕೊಂಡಿದೆಯೆಂಬುದು ಅವರ ವಾದ. 1942ರಲ್ಲಿ ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನು ಕುರಿತೇ ಪ್ರತ್ಯೇಕ ಗ್ರಂಥವೊಂದನ್ನು ಬರೆದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ನಿಧನರಾದರು.

ಆದರೂ ಶಾಲೆಗಳು ಎಚ್ಚೆತ್ತವೇ? ಸ್ವತಂತ್ರ ಭಾರತವು ಪ್ರೌಢ ಶಿಕ್ಷಣವನ್ನು ಪರಿಶೀಲಿಸಲು 1952ರಲ್ಲಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಅದರ ವರದಿಯಲ್ಲಿ ಶಾಲಾ ಗ್ರಂಥಾಲಯಗಳ ಬಗ್ಗೆ ಇರುವ ಪುಟಗಳನ್ನು ಇಂದು ಓದಿದರೂ ನಿನ್ನೆ ಬರೆದಂತಿವೆ. ಹೆಚ್ಚಿನ ಶಾಲೆಗಳಲ್ಲಿ ಹೆಸರಿಗೆ ತಕ್ಕ ಗ್ರಂಥಾಲಯವೇ ಇಲ್ಲ. ಇರುವ ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಯನ್ನು ಲೆಕ್ಕಿಸದೆ ಆರಿಸಿದವು. ಅವನ್ನು ಇಟ್ಟಿರುವ ಕೊಠಡಿ ಇಕ್ಕಟ್ಟಾದದ್ದು, ಮನಸ್ಸನ್ನು ಸೆಳೆಯದ್ದು. ನೋಡಿಕೊಳ್ಳುವವರು ಒಬ್ಬ ಗುಮಾಸ್ತರೋ ಆಸಕ್ತಿಯಿಲ್ಲದ ಶಿಕ್ಷಕರೋ. ಹೀಗೆಂದು ಆಯೋಗವು ಮುಚ್ಚುಮರೆಯಿಲ್ಲದೆ ಹೇಳಿತು. ಪರಿಹಾರವನ್ನೂ ಸೂಚಿಸಿತು: ಕೇಂದ್ರ ಗ್ರಂಥಾಲಯದ ಜೊತೆಗೆ ಪ್ರತಿ ತರಗತಿಗೂ ತನ್ನದೇ ಪುಸ್ತಕಗಳ ಚಿಕ್ಕ ಸಂಗ್ರಹವಿರಲಿ, ಓದಿದ ಪುಸ್ತಕಗಳನ್ನು ಮಕ್ಕಳು ತಾರೀಖು ಹಾಕಿ ಒಂದು ದಿನಚರಿಯಲ್ಲಿ ಬರೆದಿಡಲಿ. ಕ್ಯಾಂಟರ್ಬರಿಯ ಗ್ರಂಥಪಾಲಕರ ಪಟ್ಟಿಯೇ ಮಗುವಿನ ಕೈಬರಹದಲ್ಲಿ ಮರಳಿ ಬಂದಂತಾಯಿತು.

ಆಸಕ್ತಿಯಿಲ್ಲದ ಶಿಕ್ಷಕರೆಂದು ಆಯೋಗ ಹೇಳಿದ್ದು ಮಾತ್ರ ಸ್ವಲ್ಪ ಕಟುವಾಯಿತೆಂದು ನನ್ನ ಅಭಿಪ್ರಾಯ. ಬೀಗದ ಹಿಂದೆ ಆಸಕ್ತಿಯ ಕೊರತೆಗಿಂತ ಹೆಚ್ಚಾಗಿ ಭಯವಿದೆ. ದಾಸ್ತಾನು ಪುಸ್ತಕದಲ್ಲಿ ಇನ್ನೂರೈವತ್ತು ಎಂದು ಬರೆದಿದ್ದರೆ ತಪಾಸಣೆಯ ದಿನ ಇನ್ನೂರೈವತ್ತು ಇರಲೇಬೇಕು. ಹತ್ತು ಕಡಿಮೆಯಾದರೆ ವಿವರಣೆ ಕೊಡಬೇಕಾದವರು, ಕೆಲವೊಮ್ಮೆ ಹಣ ಕಟ್ಟಬೇಕಾದವರು ಆ ಶಿಕ್ಷಕಿಯೇ. ಹೀಗಿರುವಾಗ ಪುಸ್ತಕ ಹೊರಗೆ ಹೋಗದಿರುವುದೇ ಅವರಿಗೆ ಕ್ಷೇಮ. ಹಾಳೆ ಮಡಿಚಿ, ಅಂಚು ಸವೆದು, ಎಣ್ಣೆಯ ಕಲೆ ಬಿದ್ದ ಪುಸ್ತಕವು ಚೆನ್ನಾಗಿ ದುಡಿದ ಪುಸ್ತಕವೆಂದು ಭಾವಿಸುವ ತಪಾಸಣಾಧಿಕಾರಿಗಳು ಹೆಚ್ಚಬೇಕು.

ಅಂತಹ ಅಧಿಕಾರಿಯೊಬ್ಬರು ನಮ್ಮ ಕರಾವಳಿಯಲ್ಲೇ ಇದ್ದರು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲೆಗಳ ಇನ್ಸ್‌ಪೆಕ್ಟರರಾಗಿ ಹಳ್ಳಿ ಹಳ್ಳಿ ತಿರುಗಿದವರು. ಮಕ್ಕಳಿಗೆ ಓದಿ ನಲಿಯಲು ಕನ್ನಡದಲ್ಲಿ ಪುಸ್ತಕಗಳೇ ಸಾಲವೆಂಬುದನ್ನು ಅವರು ಕಂಡುಕೊಂಡರು. ವರದಿ ಬರೆದು ಸುಮ್ಮನಾಗದೆ ತಾವೇ ಕಥೆಗಳನ್ನೂ ಹಾಡುಗಳನ್ನೂ ಬರೆದರು. ಗೆಳೆಯರೊಡನೆ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತಂದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ರಚಿಸಿ ಭೂಮಿ, ಆಕಾಶ, ಪ್ರಾಣಿ, ಯಂತ್ರ ಎಲ್ಲವನ್ನೂ ಕನ್ನಡದ ಮಗುವಿನ ಮುಂದಿಟ್ಟರು. 1970ರ ದಶಕದ ಆರಂಭದಲ್ಲಿ ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನ ಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂತು. ಕನ್ನಡ ಮಾಧ್ಯಮದ ಮಕ್ಕಳಿಗೆ ಓದಲು ಏನಿದೆ ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು. ಕಪಾಟಿನೊಳಗೆ ಇವು ಇವೆಯೇ ಎಂಬುದು ಬೇರೆ ಪ್ರಶ್ನೆ.

ಇನ್ನೊಂದು ಬೀಗದ ಬಗ್ಗೆಯೂ ಹೇಳಲೇಬೇಕು. ಅದು ನಮ್ಮ ಮನಸ್ಸಿನದು. ಮಗು ಬೇಡದ್ದನ್ನು ಓದಿಬಿಟ್ಟರೆ? ಕಥೆಯ ಗೀಳು ಹತ್ತಿ ಪಾಠ ಕೆಟ್ಟರೆ? ಈ ಅಂಜಿಕೆ ಧರ್ಮಸಭೆಗೂ ಇತ್ತು. ವಿಶ್ವಾಸಿಗಳು ಓದಬಾರದ ಪುಸ್ತಕಗಳ ಪಟ್ಟಿಯೊಂದನ್ನು ಧರ್ಮಸಭೆ 1559ರಿಂದ ಇಟ್ಟುಕೊಂಡಿತ್ತು. ನಾಲ್ಕು ಶತಮಾನಗಳ ಬಳಿಕ, 1966ರಲ್ಲಿ, ಜಗದ್ಗುರು ಆರನೆಯ ಪೌಲರ ಕಾಲದಲ್ಲಿ ಆ ಪಟ್ಟಿಯ ಬಂಧನ ಕೊನೆಗೊಂಡಿತು. ಆರಿಸಿ ಓದುವ ವಿವೇಕವನ್ನು ವಿಶ್ವಾಸಿಯ ಅಂತಃಸಾಕ್ಷಿಗೆ ಒಪ್ಪಿಸಲಾಯಿತು. ಮಗುವಿಗೆ ಅಂತಹ ವಿವೇಕ ಎಲ್ಲಿಂದ ಬರಬೇಕು ಎಂದು ತಾವು ಕೇಳಬಹುದು. ಓದಿನಿಂದಲೇ, ಮತ್ತು ಜೊತೆಗೆ ಕುಳಿತು ಮಾತನಾಡುವ ದೊಡ್ಡವರಿಂದ. ಲೊಯೋಲದ ಸಂತ ಇಗ್ನೇಷಿಯಸರು 1521ರಲ್ಲಿ ಪಾಂಪ್ಲೋನಾದಲ್ಲಿ ಗಾಯಗೊಂಡು ಮಲಗಿದ್ದಾಗ ಕೇಳಿದ್ದು ವೀರ ಯೋಧರ ಪ್ರಣಯ ಮತ್ತು ಸಾಹಸದ ಕಥೆಗಳನ್ನೇ. ಮನೆಯಲ್ಲಿ ಅವು ಇರಲಿಲ್ಲ. ಕ್ರಿಸ್ತರ ಜೀವನ ಚರಿತ್ರೆ ಮತ್ತು ಸಂತರ ಕಥೆಗಳಿದ್ದವು. ಮುಂದಿನದು ತಮಗೆಲ್ಲ ಗೊತ್ತು. ಇದನ್ನು ಹೇಳುವಾಗ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶ ಒಂದುಂಟು: ಸಾಹಸಕಥೆಗಳನ್ನು ಓದಿ ಓದಿ ಓದುವ ರೂಢಿ ಮೊದಲೇ ಇದ್ದುದರಿಂದಲೇ ಹಾಸಿಗೆ ಹಿಡಿದ ಆ ಸೈನಿಕನು ಹೊತ್ತು ಕಳೆಯಲು ಪುಸ್ತಕ ಕೇಳಿದನು.

ಜಗದ್ಗುರು ಫ್ರಾನ್ಸಿಸರು 2024ರ ಜುಲೈಯಲ್ಲಿ ಸಾಹಿತ್ಯದ ಓದನ್ನು ಕುರಿತು ಬರೆದ ಪತ್ರದಲ್ಲಿ ತಮ್ಮ ಅನುಭವವೊಂದನ್ನು ಹೇಳಿದ್ದಾರೆ. 2025ರ ಏಪ್ರಿಲ್‌ನಲ್ಲಿ ಅವರು ದೈವಾಧೀನರಾಗುವುದಕ್ಕೆ ಒಂದು ವರ್ಷ ಮುಂಚೆಯೂ ಅಲ್ಲ. 28ರ ಹರೆಯದಲ್ಲಿ, ಇನ್ನೂ ಗುರುದೀಕ್ಷೆ ಪಡೆಯುವ ಮೊದಲು, 1964-65ರಲ್ಲಿ ಅರ್ಜೆಂಟೀನದ ಸಾಂತಾ ಫೆ ನಗರದ ಯೇಸುಸಭೆಯ ಶಾಲೆಯಲ್ಲಿ ಅವರು ಸಾಹಿತ್ಯ ಕಲಿಸುತ್ತಿದ್ದರು. ಪಠ್ಯದಲ್ಲಿದ್ದದ್ದು ಸ್ಪೇನಿನ ಮಧ್ಯಯುಗದ ವೀರಕಾವ್ಯ. ಹುಡುಗರಿಗೆ ಅದು ಬೇಡ. ಅವರಿಗೆ ಬೇಕಾದದ್ದು 20ನೇ ಶತಮಾನದ ಕವಿ ಗಾರ್ಸಿಯಾ ಲೋರ್ಕಾ. ತರುಣ ಉಪಾಧ್ಯಾಯರು ಗದರಿಸಲಿಲ್ಲ. ವೀರಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮ್ಮ ಮೆಚ್ಚಿನವರನ್ನೇ ಚರ್ಚಿಸೋಣ ಎಂದರು. ಮೆಚ್ಚಿದ್ದನ್ನು ಓದುತ್ತ ಓದುತ್ತ ಅವರಲ್ಲಿ ಸಾಹಿತ್ಯದ ರುಚಿ ಬೆಳೆದು, ಬೇರೆ ಲೇಖಕರ ಕಡೆಗೂ ಅವರು ತಾವಾಗಿ ತಿರುಗಿದರಂತೆ. ಅವರು ನಮ್ಮ ಏಳನೆಯ ತರಗತಿಯವರಿಗಿಂತ ದೊಡ್ಡ ಹುಡುಗರು, ನಿಜ. ಆದರೆ ಮೊದಲು ರುಚಿ, ಆಮೇಲೆ ಶಿಸ್ತು ಎಂಬ ಕ್ರಮ ಚಿಕ್ಕವರಿಗೆ ಇನ್ನೂ ಹೆಚ್ಚು ಸಲ್ಲುತ್ತದೆ.

ಕಾನೂನು ಈಗ ಮಕ್ಕಳ ಪಕ್ಷದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯವಿರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ ಮತ್ತು ಎಲ್ಲ ವಿಷಯಗಳ ಪುಸ್ತಕಗಳಿರಬೇಕು ಎಂದು ಬರೆದಿದ್ದಾರೆ. ಕಥೆಪುಸ್ತಕಗಳೂ ಇರಬೇಕೆಂದು ಬಿಡಿಸಿ ಹೇಳಿದ್ದಾರೆ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ, ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ದೊರೆಯಿತು. ತಮ್ಮ ಪಂಚಾಯತಿಯ ಗ್ರಂಥಾಲಯದ ಬಾಗಿಲು ಯಾವ ಹೊತ್ತಿನಲ್ಲಿ ತೆರೆದಿರುತ್ತದೆಂದು ತಾವು ಬಲ್ಲಿರಾ? ಭಾನುವಾರದ ಬಲಿಪೂಜೆಯ ವೇಳೆಯಂತೆ ಅದೂ ಮನೆಯಲ್ಲಿ ಎಲ್ಲರಿಗೂ ತಿಳಿದಿರಬೇಕು.

ನಮ್ಮ ಧರ್ಮಕೇಂದ್ರಗಳ ಮತ್ತು ಕನ್ಯಾಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಬೆನೆಡಿಕ್ಟರ ಉಪಾಯ ಇಂದಿಗೂ ಒಗ್ಗುತ್ತದೆ. ಬರುವ ಬೂದಿ ಬುಧವಾರದ ನಂತರದ ಸೋಮವಾರ ಐದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ, ಚಾಪೆ ಹಾಸಿ, ಕಪಾಟಿನಲ್ಲಿರುವುದನ್ನೆಲ್ಲ ಅದರ ಮೇಲೆ ಹರಡಬಹುದು. ಕ್ರೈಸ್ತ, ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ಮಕ್ಕಳೂ ಬಂದು, ಮುಟ್ಟಿ, ತಿರುವಿ, ತಮಗೆ ಬೇಕಾದ ಒಂದನ್ನು ಆರಿಸಿಕೊಳ್ಳಲಿ. ದಪ್ಪ ಪುಸ್ತಕ ತೆಗೆದುಕೊಂಡು ಮರುದಿನ ತೆಳುವಾದದ್ದನ್ನು ಕೇಳಿದರೆ ಕೊಡಬೇಕು. ಪಾಸ್ಕದ ಬಳಿಕ ಹೆಸರು ಕರೆದಾಗ ಸಾಷ್ಟಾಂಗ ಬೇಡ, ಪರೀಕ್ಷೆಯೂ ಬೇಡ; ಓದಿದ್ದರಲ್ಲಿ ನೆನಪಿರುವ ಒಂದು ಸಂಗತಿಯನ್ನು ಗೆಳೆಯರಿಗೆ ಹೇಳಿದರೆ ಸಾಕು. ಅದನ್ನು ಕೇಳಿದ ಇನ್ನೊಬ್ಬನು ಅದೇ ಪುಸ್ತಕಕ್ಕೆ ಕೈಚಾಚುತ್ತಾನೆ. ಮನೆಯಲ್ಲಿ ಅಜ್ಜಿಯೋ ಅಪ್ಪನೋ ಓದಲಾರದವರಾಗಿದ್ದರೆ ಬೆಕ್ಕಿಯ ಕೊಟ್ಟಿಗೆಯ ಹುಡುಗನಂತೆ ಮಗು ಅವರಿಗೆ ಗಟ್ಟಿಯಾಗಿ ಓದಿ ಹೇಳಲಿ.

ಇಷ್ಟು ಮಾಡಿದರೆ ಒಂದಿಷ್ಟು ಪುಸ್ತಕಗಳು ಕಳೆದುಹೋಗುವುದು ಖಂಡಿತ. ಅವುಗಳ ಬೆಲೆ ಯಾವ ಲೆಕ್ಕದಿಂದ ಬರಬೇಕೆಂಬುದನ್ನು ಚಾಪೆ ಹಾಸುವ ಮೊದಲೇ ಧರ್ಮಕೇಂದ್ರದ ಪಾಲನಾ ಸಮಿತಿ ಮತ್ತು ಶಾಲೆಯ ಆಡಳಿತದವರು ಕುಳಿತು ತೀರ್ಮಾನಿಸಿ ಬರೆದಿಡಬೇಕು. ಅದು ಶಿಕ್ಷಕಿಯ ಸಂಬಳದಿಂದಾಗಲಿ ಮಗುವಿನ ಮನೆಯಿಂದಾಗಲಿ ಬರುವುದು ಬೇಡ.